ಬಡಿದು ನೋಡದೆ ಕೊಂಡ ಮಡಕೆ

"ಮಡಕೆ ತಗೊಳ್ಳೋವಾಗ್ಲೂ ಒಂದ್ಸಲ ಬಡಿದು ನೋಡ್ತೀವಿ. ನೀನು ಅಷ್ಟು ದುಡ್ಡು ಕೊಟ್ಟು ಸ್ಪೀಕರ್ ಕೇಳದೇ ತರಿಸ್ತೀಯಾ?" ಅಂತ ಅಮ್ಮ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ತಿಂಗಳ ಸಂಬಳದ ಮಾತು. ಆರು ತಿಂಗಳು ವೀಕೆಂಡುಗಳಲ್ಲಿ ಕೂತು ನಾನೇ ಬೆಸುಗೆ ಹಾಕಿ ಕಟ್ಟಿದ ವಾಲ್ವ್ ಆಂಪ್ಲಿಫೈಯರ್ ಕೊಡೋದು ಬರೀ 8 ವ್ಯಾಟ್. ಅಷ್ಟರಲ್ಲೇ ಮನೆ ತುಂಬುವಂತೆ ಹಾಡುವ ಸ್ಪೀಕರುಗಳು ನಾನು ಹೋದ ಯಾವ ಅಂಗಡಿಯಲ್ಲೂ ಕೇಳೋಕೆ ಸಿಗಲಿಲ್ಲ. ಉಳಿದದ್ದು ಡೇಟಾಶೀಟ್ ಒಂದೇ. ಆ ಕಾಗದವನ್ನ ಎಷ್ಟು ನಂಬಬಹುದು ಅಂತ ಹುಡುಕುತ್ತಾ ಹೋದ್ರೆ ಅದು ನೂರು ವರ್ಷದ ಕಥೆಯೇ ಆಗಿಬಿಡ್ತು.

ಮೊದಲು ಒಂದು ಸಣ್ಣ ಲೆಕ್ಕ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರತ್ತೆ ಅನ್ನೋದೇ ಸ್ಪೀಕರಿನ ಸೆನ್ಸಿಟಿವಿಟಿ. 92 ಡೆಸಿಬೆಲ್ ಅಂದ್ರೆ ದಕ್ಷತೆ ಸುಮಾರು 1 ಶೇಕಡಾ. ನೂರು ಪೈಸೆ ಹಾಕಿದ್ರೆ ಒಂದು ಪೈಸೆಯ ಸದ್ದು, ಉಳಿದ 99 ಪೈಸೆ ಕಾಯಿಲ್ ಬಿಸಿ ಮಾಡೋಕೆ ಖರ್ಚು! 102 ಡೆಸಿಬೆಲ್ ಆದ್ರೆ 10 ಶೇಕಡಾ. ಪ್ರತಿ 3 ಡೆಸಿಬೆಲ್ ಇಳಿದಾಗಲೂ ಅಷ್ಟೇ ಸದ್ದಿಗೆ ಎರಡು ಪಟ್ಟು ವ್ಯಾಟ್ ಬೇಕು. ಹಾಗಾಗಿ 98ರ ಸ್ಪೀಕರ್ 8 ವ್ಯಾಟಿನಲ್ಲಿ ಮಾಡೋ ಕೆಲಸಕ್ಕೆ 85ರ ಸ್ಪೀಕರ್ 160 ವ್ಯಾಟ್ ಕೇಳತ್ತೆ.

ಒಂದು ಕಾಲಕ್ಕೆ ಈ ಸಂಖ್ಯೆಯೇ ಎಲ್ಲವೂ ಆಗಿತ್ತು. 1926ರಲ್ಲಿ ನ್ಯೂಯಾರ್ಕಿನಲ್ಲಿ ವಾರ್ನರ್ ಬ್ರದರ್ಸ್‌ನವರು 'ಡಾನ್ ಹ್ವಾನ್' ಚಿತ್ರವನ್ನ ವಿಟಾಫೋನ್ ಧ್ವನಿಯ ಜೊತೆ ತೋರಿಸಿದರು. ಆಗಿನ ಆಂಪ್ಲಿಫೈಯರುಗಳ ಶಕ್ತಿ ಎಷ್ಟು ಮಹಾ? ಆದರೆ ತುಂಬಬೇಕಾಗಿದ್ದು ಇಡೀ ಥಿಯೇಟರು. ಅದಕ್ಕೇ ಬೆಲ್ ಲ್ಯಾಬ್ಸ್‌ನ ವೆಂಟ್ ಮತ್ತು ಥುರಾಸ್ ದೊಡ್ಡ ಹಾರ್ನಿಗೆ ಜೋಡಿಸುವ 555 ಎಂಬ ಡ್ರೈವರ್ ಮಾಡಿದರು. ಹೊಲದ ಆಚೆ ಬದಿಯಲ್ಲಿರೋರನ್ನ ಕೂಗುವಾಗ ಬಾಯಿಗೆ ಎರಡೂ ಕೈ ಅಡ್ಡ ಹಿಡೀತೀವಲ್ಲ, ಅದೇ ತತ್ವ. ನಮ್ಮ ಊರ ಜಾತ್ರೆಯ ಕಹಳೆಯದ್ದೂ ಅದೇ.

ಇದನ್ನ ಮನೆಯೊಳಕ್ಕೆ ತರೋದು ಮಾತ್ರ ಕಷ್ಟ. 40 ಹರ್ಟ್ಸ್‌ನ ಅಲೆಯ ಉದ್ದವೇ ಸುಮಾರು ಎಂಟೂವರೆ ಮೀಟರ್, ಅದಕ್ಕೆ ತಕ್ಕ ಹಾರ್ನ್ ಇಟ್ಟರೆ ಮನೆಯವರೆಲ್ಲ ಹೊರಗೆ ಮಲಗಬೇಕು :-) ಇದಕ್ಕೊಂದು ದಾರಿ ತೋರಿಸಿದವನು ಅಮೆರಿಕದ ಪಾಲ್ ಕ್ಲಿಪ್ಶ್. ಓದಿದ್ದು ಎಂಜಿನಿಯರಿಂಗ್, ಚಿಲಿ ದೇಶದಲ್ಲಿ ವಿದ್ಯುತ್ ರೈಲು ಎಂಜಿನುಗಳನ್ನ ನೋಡಿಕೊಂಡಿದ್ದ, ಯುದ್ಧದ ಕಾಲಕ್ಕೆ ಅರ್ಕನ್ಸಾದ ಹೋಪ್ ಎಂಬ ಸಣ್ಣ ಊರಿಗೆ ಸೈನ್ಯದ ಕೆಲಸದ ಮೇಲೆ ಬಂದ. ಹಾರ್ನನ್ನ ಪೆಟ್ಟಿಗೆಯೊಳಗೆ ಮಡಚಿ, ಪೆಟ್ಟಿಗೆಯನ್ನ ಕೋಣೆಯ ಮೂಲೆಗೆ ಒತ್ತಿ ಇಟ್ಟರೆ ಗೋಡೆಗಳೇ ಹಾರ್ನಿನ ಮುಂದುವರಿಕೆ ಆಗುತ್ತವೆ ಅನ್ನೋದು ಅವನ ಉಪಾಯ. 1946ರಲ್ಲಿ ಕಂಪನಿ ಶುರು ಮಾಡಿದ. ಆ ಕ್ಲಿಪ್ಶ್‌ಹಾರ್ನ್ ಇಂದಿಗೂ ತಯಾರಾಗುತ್ತಿದೆ, ಕಂಪನಿ ಹೇಳುವ ಸೆನ್ಸಿಟಿವಿಟಿ ನೂರರ ಮೇಲೆ. ನನಗೂ ಆಸೆ ಆಗಿತ್ತು. ಆದ್ರೆ ನಮ್ಮ ಹಾಲಿನಲ್ಲಿ ಒಂದು ಮೂಲೆ ಬಾಗಿಲಿಗೆ ಹೋಗಿದೆ, ಇನ್ನೊಂದು ದೇವರಿಗೆ!

ಕಥೆ ತಿರುಗಿದ್ದು 1954ರಲ್ಲಿ. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಮೆಸಾಚುಸೆಟ್ಸ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿದರು. ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಆಳವಾದ ಬೇಸ್ ಹೊರಡಿಸಿದರು. ಅದಕ್ಕೆ ತೆತ್ತ ಬೆಲೆ ದಕ್ಷತೆ. ಮುಂದೆ ಕ್ಲಾಸ್ ಜೊತೆ ಇನ್ನೊಂದು ಕಂಪನಿ ಕಟ್ಟಿದ ಆಂಟನ್ ಹಾಫ್‌ಮನ್ ಹೆಸರಲ್ಲಿ ಈ ವ್ಯಾಪಾರಕ್ಕೊಂದು 'ಕಬ್ಬಿಣದ ನಿಯಮ'ವೇ ಇದೆ. ಸಣ್ಣ ಪೆಟ್ಟಿಗೆ, ಆಳದ ಬೇಸ್, ಹೆಚ್ಚು ದಕ್ಷತೆ, ಈ ಮೂರರಲ್ಲಿ ಎರಡನ್ನ ಮಾತ್ರ ಆರಿಸಿಕೋ. ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದ ಮೇಲೆ ಜನ ಮೊದಲಿನ ಎರಡನ್ನ ಆರಿಸಿಕೊಂಡರು. ನಾನು ಸ್ಪೀಕರ್ ಹುಡುಕಿ ಅಲೆದದ್ದಕ್ಕೆ ಮೂಲ ಕಾರಣ ಇದೇ. ಮಜಾ ಅಂದ್ರೆ, ಅದೇ ಕಂಪನಿಯವರು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಕೋಣೆ ಇಟ್ಟಿದ್ದರು. ಅಲ್ಲಿ ಮಾರಾಟ ಇಲ್ಲ, ಬರೀ ಕೂತು ಕೇಳಬಹುದು. ಅಮ್ಮನಿಗೆ ಮೆಚ್ಚುಗೆಯಾಗುವ ಏರ್ಪಾಡು.

ಕಾಗದಕ್ಕೆ ಬೆಲೆ ಬಂದದ್ದು ಆಮೇಲೆ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ ಪ್ರಕಟಿಸಿದ ಲೇಖನಗಳಿಂದಾಗಿ, ಡ್ರೈವರಿನ ಕೆಲವು ಅಂಕಿಗಳು ಗೊತ್ತಿದ್ದರೆ ಅದು ಯಾವ ಪೆಟ್ಟಿಗೆಯಲ್ಲಿ ಎಷ್ಟು ಬೇಸ್ ಕೊಡತ್ತೆ ಅಂತ ಮರ ಕೊಯ್ಯುವ ಮೊದಲೇ ಲೆಕ್ಕ ಹಾಕೋದು ಸಾಧ್ಯವಾಯ್ತು.

ಸರಿ, ಬೇಸ್ ಲೆಕ್ಕಕ್ಕೆ ಸಿಕ್ಕಿತು. 'ಚೆನ್ನಾಗಿದೆ' ಅನ್ನೋದು? ಅದಕ್ಕೆ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ಸ್ಪೀಕರುಗಳನ್ನ ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿದರು. 1994ರಲ್ಲಿ ಅವರು ಮತ್ತು ಶಾನ್ ಆಲಿವ್ ಪ್ರಕಟಿಸಿದ ಪ್ರಯೋಗ ನನ್ನನ್ನ ನಿಜಕ್ಕೂ ಅಲುಗಾಡಿಸಿತು. ಅದೇ ಸ್ಪೀಕರುಗಳನ್ನ ಅದೇ ಜನರಿಗೆ ಪರದೆ ತೆಗೆದು ಕೇಳಿಸಿದಾಗ ಅಂಕಗಳು ಬದಲಾದವು. ದೊಡ್ಡ, ಚೆಂದದ ಸ್ಪೀಕರುಗಳು ಮೇಲೇರಿದವು, ಅಗ್ಗದ ಪುಟ್ಟದ್ದು ಕೆಳಗಿಳಿಯಿತು. ಅಂದ್ರೆ ಅಂಗಡಿಯಲ್ಲಿ ನಾನು ಕೇಳಿದ್ದರೂ ಅರ್ಧ ಕಣ್ಣಲ್ಲೇ ಕೇಳ್ತಿದ್ದೆ! 2004ರಲ್ಲಿ ಆಲಿವ್ 70 ಸ್ಪೀಕರುಗಳ ಅಳತೆಗಳಿಂದಲೇ ಜನ ಯಾವುದನ್ನ ಮೆಚ್ಚುತ್ತಾರೆ ಅಂತ ಊಹಿಸುವ ಸೂತ್ರ ಮಾಡಿದರು, ಸಹಸಂಬಂಧ 0.86. ಆ ಸೂತ್ರದಲ್ಲಿ ನೋಡೋದು ನೇರಕ್ಕೂ ಪಕ್ಕಕ್ಕೂ ಹೋಗುವ ಸದ್ದು ಎಷ್ಟು ಸಮವಾಗಿದೆ, ಬೇಸ್ ಎಲ್ಲಿಯವರೆಗೆ ಇಳಿಯತ್ತೆ ಅಂತ. ನಾನು ತಲೆಮೇಲೆ ಹೊತ್ತು ತಿರುಗುತ್ತಿದ್ದ ಸೆನ್ಸಿಟಿವಿಟಿಗೆ ಅಲ್ಲಿ ಜಾಗವೇ ಇಲ್ಲ. ಅದು ಎಷ್ಟು ಜೋರು ಅಂತ ಹೇಳತ್ತೆ, ಎಷ್ಟು ಚೆಂದ ಅಂತ ಹೇಳಲ್ಲ.

ಇಷ್ಟು ಓದಿಕೊಂಡು ಮತ್ತೆ ನನ್ನ ಎರಡು ಡೇಟಾಶೀಟುಗಳ ಮುಂದೆ ಕೂತೆ. ಒಂದರಲ್ಲಿ ದಪ್ಪಕ್ಷರದಲ್ಲಿ 98 ಡೆಸಿಬೆಲ್. ಕೆಳಗೆ ಸಣ್ಣಕ್ಷರದಲ್ಲಿ 2.83 ವೋಲ್ಟ್, 4 ಓಮ್. 8 ಓಮಿಗಾದ್ರೆ 2.83 ವೋಲ್ಟ್ ಅಂದ್ರೆ 1 ವ್ಯಾಟ್, 4 ಓಮಿಗೆ ಅದೇ ವೋಲ್ಟೇಜ್ 2 ವ್ಯಾಟ್. ಹಾಗಾಗಿ ನಿಜವಾದ ಲೆಕ್ಕ 95. ಬೇರೆ ಗ್ರಾಫ್ ಒಂದೂ ಇಲ್ಲ. ಎರಡನೆಯದು 95 ಅಂತಲೇ ಬರೆದಿದೆ, 8 ಓಮ್, ಎಲ್ಲೂ 6ರ ಕೆಳಗೆ ಇಳಿಯಲ್ಲ (ವಾಲ್ವ್ ಆಂಪ್ಲಿಫೈಯರಿಗೆ ಇದು ಬಹಳ ಮುಖ್ಯ), ನೇರದ್ದೂ ಪಕ್ಕದ್ದೂ ಗ್ರಾಫ್ ಇದೆ. ಪೆಟ್ಟಿಗೆ ಮಾತ್ರ ಗೋದ್ರೇಜ್ ಬೀರುವಿನ ತಮ್ಮನ ಹಾಗಿದೆ. ಕಬ್ಬಿಣದ ನಿಯಮ, ಏನು ಮಾಡೋದು?

ಎರಡನೆಯದನ್ನೇ ಆರ್ಡರ್ ಮಾಡಿದೆ. ಇನ್ನೂ ಬಂದಿಲ್ಲ. ಬಂದ ದಿನ ಮೊದಲು ಮಲ್ಲಿಕಾರ್ಜುನ ಮನ್ಸೂರರನ್ನ ಹಾಕೋದು ಅಂತ ನಿರ್ಧಾರವಾಗಿದೆ. ಅಮ್ಮನನ್ನ ಸ್ಪೀಕರುಗಳ ಕಡೆಗೆ ಬೆನ್ನು ಮಾಡಿಸಿ ಕೂರಿಸ್ತೀನಿ. ಆ ಗಾತ್ರ ನೋಡಿಬಿಟ್ಟರೆ ಕೇಳೋ ಮೊದಲೇ ತೀರ್ಪು ಬಂದುಬಿಡತ್ತೆ :-)

ನಿಮ್ಮಲ್ಲಿ ಯಾರಾದ್ರೂ ಹೀಗೆ ಬಡಿದು ನೋಡದೆ ಮಡಕೆ ಕೊಂಡಿದ್ದೀರಾ? ಸೋರಿತಾ, ನಿಂತಿತಾ? ಹೇಳಿ.