ನೆತ್ತರಿನ ಲೆಕ್ಕ

ಹಾನಗಲ್ಲು ತಾಲ್ಲೂಕಿನ ಆಡೂರು ಬಹು ಹಳೆಯ ಊರು. ಜಿನಾಲಯಕ್ಕೆ ಭೂಮಿ ಬಿಟ್ಟುದನ್ನು ಹೇಳುವ, ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಹೆಸರುಳ್ಳ ಶಾಸನ ಅಲ್ಲಿ ದೊರೆತಿದೆ. ಆದರೆ ಕನ್ನಡನಾಡಿನ ಅರಸರು ಭೂಮಿ ಬಿಟ್ಟುದು ದೇವರಿಗೆ ಮಾತ್ರವಲ್ಲ, ನೆತ್ತರಿಗೂ ಬಿಟ್ಟರು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ಹೊಲಕ್ಕೆ ‘ನೆತ್ತರುಗೊಡಗೆ’ ಎಂದೇ ಹೆಸರು. ವೀರಗಲ್ಲುಗಳನ್ನು ನೋಡುವಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಹೊಲದ ಬೆಲೆ ಬಾಳಿದ ಆ ನೆತ್ತರಿನಲ್ಲಿ ಇದ್ದುದಾದರೂ ಏನು?

ನಮ್ಮ ಆಯುರ್ವೇದದವರು ರಕ್ತವನ್ನು ಸಪ್ತಧಾತುಗಳಲ್ಲಿ ಎರಡನೆಯದೆಂದು ಎಣಿಸಿ, ಉಂಡ ಅನ್ನದ ರಸದಿಂದಲೇ ಅದು ಆಗುವುದೆಂದರು. 1674ರಲ್ಲಿ ಹಾಲೆಂಡಿನ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡ ಕೆಂಪು ಕಣಗಳನ್ನು ವರ್ಣಿಸಿದ. 18ನೆಯ ಶತಮಾನದ ನಡುವೆ ಇಟಲಿಯ ಮೆಂಗಿನಿ ರಕ್ತವನ್ನು ಸುಟ್ಟು, ಬೂದಿಗೆ ಅಯಸ್ಕಾಂತ ಹಿಡಿದು, ಅದರಲ್ಲಿ ಕಬ್ಬಿಣವಿದೆ ಎಂದು ತೋರಿಸಿದ.

ಇಂದಿನ ಲೆಕ್ಕ ಹೀಗಿದೆ. ಬೆಳೆದವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ನೂರರಲ್ಲಿ 55 ಪಾಲು ತಿಳಿಹಳದಿಯ ಪ್ಲಾಸ್ಮಾ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ, ಮಿಕ್ಕದ್ದು ಪ್ರೋಟೀನು, ಉಪ್ಪು, ಸಕ್ಕರೆ. ಉಳಿದ 45 ಪಾಲು ಕಣಗಳು. ರೋಗದೊಡನೆ ಹೋರಾಡುವ ಬಿಳಿಯವೂ ಗಾಯವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಸ್ವಲ್ಪ. ಕೆಂಪು ಕಣಗಳೇ ಬಹಳ. ಅವುಗಳಲ್ಲಿರುವ ಹಿಮೋಗ್ಲೋಬಿನ್ ಉಸಿರನ್ನು ಹೊರುವುದು ಕಬ್ಬಿಣದ ಬಲದಿಂದ. ರಕ್ತದಲ್ಲಿರುವ ಕಬ್ಬಿಣವನ್ನೆಲ್ಲ ಕೂಡಿಸಿದರೂ ಒಂದು ಸಣ್ಣ ಮೊಳೆಯ ತೂಕ! ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಎಲುಬಿನ ಮಜ್ಜೆ ಹಗಲಿರುಳೂ ಹೊಸದನ್ನು ಹುಟ್ಟಿಸುತ್ತಿರಬೇಕು.

ಹುಟ್ಟಿಸಲು ಸಾಮಗ್ರಿ ಬೇಡವೆ? ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ಮುಂಬಯಿಯಲ್ಲಿ. ಆಗ ಆಡೂರೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೇ ಸೇರಿತ್ತು. 1928ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಅಲ್ಲಿನ ಜವಳಿ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ನವೆಯುವುದನ್ನು ಕಂಡಳು. ಅವರ ಕೆಂಪು ಕಣಗಳು ಊದಿ ದೊಡ್ಡವಾಗಿದ್ದವು. ಕೊರತೆ ಊಟದಲ್ಲಿದೆ ಎಂದು ಆಕೆ ಶಂಕಿಸಿ, ಯೀಸ್ಟಿನ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದಳು. ಆ ಸಾರದೊಳಗಿನ ವಸ್ತುವನ್ನು 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ರಕ್ತ ಅನ್ನದಿಂದಲೇ ಆಗುವುದೆಂಬ ಹಿರಿಯರ ಮಾತಿಗೆ ಹೀಗೆ ಹೊಸ ಸಾಕ್ಷಿ ದೊರೆಯಿತು.

ಇಲ್ಲಿಯೇ ನನ್ನ ಮನಸ್ಸು ಮತ್ತೆ ಕಲ್ಲುಗಳತ್ತ ಹೊರಳುತ್ತದೆ. ರಣದಲ್ಲಿ ಚೆಲ್ಲಿದ ನೆತ್ತರಿಗೆ ವೀರಗಲ್ಲು ಉಂಟು. ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು ಉಂಟು. ಮೈಯಲ್ಲಿ ರಕ್ತವಿಲ್ಲದೆ ಹೆರಿಗೆಯಲ್ಲಿ ಕಣ್ಮುಚ್ಚಿದವಳಿಗೆ ನಿಲ್ಲಿಸಿದ ಕಲ್ಲನ್ನು ನಾನೆಲ್ಲಿಯೂ ಕಂಡಿಲ್ಲ.

ಇದು ಮುಗಿದ ಕಥೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸರ್ಕಾರ ಬಸುರಿಯರಿಗೆ ಕಬ್ಬಿಣ, ಫೋಲಿಕ್ ಆಮ್ಲಗಳ ಗುಳಿಗೆಯನ್ನು ಕೊಡುತ್ತಿದೆ. ಆದರೆ ಎಲ್ಲರೂ ಉಂಡೆದ್ದ ಮೇಲೆ ಮನೆಯ ಹೆಂಗಸು ಉಳಿದದ್ದನ್ನು ಉಣ್ಣುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಹಿರಿಯರು ನೆತ್ತರಿಗೆ ಹೊಲವನ್ನೇ ಬಿಟ್ಟರು. ನಾವು ಪಾತ್ರೆಯ ತಳದಲ್ಲಿ ಅವಳ ಪಾಲಿನ ಸೊಪ್ಪಿನ ಪಲ್ಯವನ್ನಾದರೂ ಬಿಡಬಾರದೆ?