ಸಗಣಿಯ ಬೂದಿಯಲ್ಲಿ ನಾಲ್ಕು ಸಾವಿರ ವರ್ಷ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅದರ ಬಳಿ ಬೂದಿಯ ದೊಡ್ಡ ದಿಬ್ಬವೊಂದಿದೆ. ಭೀಮನಿಂದ ಹತನಾದ ಹಿಡಿಂಬಾಸುರನನ್ನು ಸುಟ್ಟ ಜಾಗ ಅದು ಎಂಬುದು ಹಳೆಯ ನಂಬಿಕೆ. ಹಂಪಿಯ ಸಮೀಪ ನಿಂಬಾಪುರದಲ್ಲಿರುವ ಇಂಥದೇ ರಾಶಿಯನ್ನು ಜನ ವಾಲಿಯ ಚಿತೆ ಎನ್ನುತ್ತಾರೆ. ಕೆದಕಿದರೆ ಮೆತ್ತನೆಯ ಬೂದಿ, ಕೆಲವೆಡೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ. ಇದು ಸಾಮಾನ್ಯ ಒಲೆಯ ಬೂದಿಯಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ. ರಾಕ್ಷಸರ, ವಾನರವೀರರ ಹೆಸರು ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ವಿದ್ವಾಂಸರಿಗೂ ಈ ಬೂದಿ ಒಗಟಾಗಿಯೇ ಇತ್ತು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಅವರು, ಇವು ಸಾಮೂಹಿಕ ಸಹಗಮನದ ಚಿತೆಗಳಿರಬಹುದೆಂದು 1899ರಲ್ಲಿ ಊಹಿಸಿದರು. ಆದರೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ದಾರಿ ಬೇರೆಯಾಗಿತ್ತು. ದಿಬ್ಬಗಳ ಆಸುಪಾಸಿನಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ಒರಟು ಮಡಕೆಯ ಚೂರುಗಳೂ ಅವರಿಗೆ ಸಿಕ್ಕಿದ್ದವು. ಇದು ನವಶಿಲಾಯುಗದ ಜನರು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿ ಎಂಬುದು ಅವರ ತೀರ್ಮಾನ. 1960ರಲ್ಲಿ ಎಫ್.ಇ. ಝಾಯ್ನರ್ ಅವರು ಪ್ರಯೋಗಾಲಯದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿ ಅದು ಸಗಣಿಯೇ ಎಂದು ತೋರಿಸಿದರು. ಹುಲ್ಲು ತಿಂದ ದನದ ಸಗಣಿಯಲ್ಲಿ ಸಿಲಿಕಾ ಇರುತ್ತದೆ. ರಾಶಿ ರಾಶಿಯಾಗಿ ಉರಿದು ಕಾವು ಏರಿದಾಗ ಅದು ಕರಗಿ ಗಾಜಿನಂತಾಗುತ್ತದೆ.

ಇಂದಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಉತ್ಖನನ ನಡೆಸಿದಾಗ ಇದಕ್ಕೆ ಇನ್ನಷ್ಟು ಬಲ ಬಂತು. ಬೂದಿಯ ಪದರಗಳ ನಡುವೆ ದೊಡ್ಡಿಯ ಬೇಲಿಗೆ ನೆಟ್ಟ ಮರದ ಕಂಬಗಳ ಕುಳಿಗಳಿದ್ದವು. ಅಷ್ಟೇ ಅಲ್ಲ, ದನಗಳ ಗೊರಸಿನ ಗುರುತುಗಳೂ ಹಾಗೆಯೇ ಉಳಿದಿದ್ದವು. ದೊಡ್ಡಿ ಒಮ್ಮೆ ಉರಿದ ಮೇಲೆ ಅದೇ ಜಾಗದಲ್ಲಿ ಮತ್ತೆ ದೊಡ್ಡಿ ಎದ್ದಿತ್ತು, ಅದೂ ಮತ್ತೆ ಉರಿದಿತ್ತು.

ಈ ದಿಬ್ಬಗಳ ಸಂಸ್ಕೃತಿಯ ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ. ಅಂದರೆ ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಮನೆ, ಚರಂಡಿಗಳು ಕಟ್ಟಲ್ಪಡುತ್ತಿದ್ದಾಗ ಕೃಷ್ಣಾ-ತುಂಗಭದ್ರಾ ಸೀಮೆಯ ಜನರು ದನ ಸಾಕುತ್ತ, ಸಗಣಿ ಸುಡುತ್ತಿದ್ದರು. ಹಾಗೆಂದು ಇವರನ್ನು ಬರೀ ಅಲೆಮಾರಿಗಳೆನ್ನುವಂತಿಲ್ಲ. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ, ದಿಬ್ಬದ ಪಕ್ಕದಲ್ಲೇ ವಸತಿ ಕಂಡುಬಂತು. ದನ ಕೊಯ್ದು ಮಾಂಸ ಹಂಚುತ್ತಿದ್ದ ನೆಲ, ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದ ಜಾಗ, ಮಡಕೆಯಲ್ಲಿಟ್ಟು ಹೂತ ಎಳೆಯ ಮಕ್ಕಳ ಅಸ್ಥಿಗಳು ಅಲ್ಲಿದ್ದವು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕಿವೆ. ಗೋಧಿ, ಬಾರ್ಲಿ ಉತ್ತರದಿಂದ ಬಂದದ್ದು ತಡವಾಗಿ. ಈ ನೆಲದ ಬೇಸಾಯ ನಿಂತದ್ದು ಮಳೆ ಕಡಿಮೆಯಾದರೂ ಕೈಬಿಡದ ಬೆಳೆಗಳ ಮೇಲೆ.

ಅಷ್ಟೊಂದು ಸಗಣಿಯನ್ನು ಸುಟ್ಟಿದ್ದೇಕೆ? ಇಲ್ಲಿ ಒಮ್ಮತವಿಲ್ಲ. ದೊಡ್ಡಿ ಚೊಕ್ಕಟ ಮಾಡಲು, ರೋಗ ತಡೆಯಲು ಎಂಬ ವಾದವಿದೆ. ಇದೊಂದು ಋತುಮಾನದ ಆಚರಣೆ ಎಂದು ಆಲ್ಚಿನ್ ಭಾವಿಸಿದರು. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವ ನಮ್ಮ ಹಳ್ಳಿಗಳ ಪದ್ಧತಿ ಇಲ್ಲಿ ನೆನಪಾಗುವುದು ಸಹಜ. ಆದರೆ ನೆನಪಾಗುವುದೇ ಪುರಾವೆಯಲ್ಲ. ಒಂದಂತೂ ಸ್ಪಷ್ಟ: ತಲೆಮಾರುಗಟ್ಟಲೆ ಒಂದೇ ಕಡೆ ಸಗಣಿ ಕೂಡಿಟ್ಟು, ಬೇಕೆಂದಾಗ ಬೆಂಕಿಯಿಟ್ಟು ಎಂಟು-ಹತ್ತು ಮೀಟರ್ ಎತ್ತರದ ದಿಬ್ಬ ಎಬ್ಬಿಸುವುದು ಒಂಟಿ ಕುಟುಂಬದ ಕೆಲಸವಲ್ಲ. ಅದಕ್ಕೆ ಊರು ಒಪ್ಪಬೇಕು, ಮಕ್ಕಳು ಹಿರಿಯರನ್ನು ನೋಡಿ ಕಲಿಯಬೇಕು. ಕೋಟೆ, ನಗರ, ಲಿಪಿ ಇದ್ದರೆ ಮಾತ್ರ ನಾಗರಿಕತೆ ಎಂಬ ಅಳತೆಗೋಲಿಗೆ ಈ ಜನ ಸಿಗುವುದಿಲ್ಲ. ಆದರೆ ಪಶುಪಾಲನೆ, ಬೇಸಾಯ, ಒಗ್ಗೂಡಿ ಬಾಳುವ ಕಟ್ಟುಪಾಡು ಇವುಗಳಿಲ್ಲದೆ ಯಾವ ನಗರವೂ ಹುಟ್ಟಿಲ್ಲ.

ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ಪತ್ತೆಯಾಗಿವೆ. ಹಲವನ್ನು ಜನ ಗೊಬ್ಬರಕ್ಕೆಂದು ಅಗೆದು ಸಾಗಿಸಿದ್ದಾರೆ. ಎತ್ತುಗಳ ಚಿತ್ರಗಳನ್ನು ಬಂಡೆಯ ಮೇಲೆ ಕೆತ್ತಿದ ಕುಪ್ಪಗಲ್ಲು, ಸಂಗನಕಲ್ಲಿನ ಬೆಟ್ಟಗಳಿಗೆ ಕಲ್ಲುಗಣಿಗಳೂ ಕೈ ಹಾಕಿವೆ. ಶಾಸನವನ್ನಾದರೆ ಒಡೆದ ಮೇಲೂ ಜೋಡಿಸಿ ಓದಬಹುದು. ಬೂದಿಯ ಪದರಗಳು ಕಲಸಿಹೋದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಅಳಿಸಿಹೋಗುತ್ತದೆ. ಬರೆಯಲು ಬಾರದ ಆ ಜನರ ಬಗ್ಗೆ ತಿಳಿಯಲು ನಮಗಿರುವುದು ಈ ಪದರಗಳೂ ಅವುಗಳ ಸುತ್ತ ಉಳಿದ ಚೂರುಪಾರುಗಳೂ ಮಾತ್ರ.