ಕಾರುಗಳಲ್ಲಿ ಅಂತರಜಾಲ ಸಂಪರ್ಕ

ಅಂತರಜಾಲ ಸಂಪರ್ಕವುಳ್ಳ ಕಾರು ಎಂದರೆ, ತನ್ನಲ್ಲೇ ಅಳವಡಿಸಿದ ಸಿಮ್ ಅಥವಾ ಚಾಲಕರ ಮೊಬೈಲ್ ಫೋನಿನ ಮೂಲಕ ಹೊರಗಿನ ಜಾಲದೊಂದಿಗೆ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುವ ವಾಹನ. ಇದನ್ನು ‘ಕನೆಕ್ಟೆಡ್ ಕಾರ್’ ಎಂದೂ ಕರೆಯಲಾಗುತ್ತದೆ. ತುರ್ತು ಕರೆ, ಮಾರ್ಗದರ್ಶನ ಮತ್ತು ಕಳವಾದ ವಾಹನದ ಪತ್ತೆ ಇದರ ಪ್ರಮುಖ ಉಪಯೋಗಗಳು. ಚಾಲಕರ ಗಮನವನ್ನು ರಸ್ತೆಯಿಂದ ಬೇರೆಡೆಗೆ ಸೆಳೆಯುವುದು ಇದರ ಪ್ರಮುಖ ಅಪಾಯ. ಚಾಲಕರಿಂದ ಏನನ್ನೂ ಬೇಡದೆ ಕೆಲಸ ಮಾಡುವ ಸೌಲಭ್ಯಗಳು ಉಪಕಾರಿಯಾಗುತ್ತವೆ; ಚಾಲನೆಯ ವೇಳೆ ಅವರ ಕಣ್ಣು, ಕೈ ಮತ್ತು ಮನಸ್ಸನ್ನು ಬೇಡುವ ಸೌಲಭ್ಯಗಳು ಅಪಾಯಕ್ಕೆ ಎಡೆಮಾಡಿಕೊಡುತ್ತವೆ.

ಹಿನ್ನೆಲೆ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1996ರಲ್ಲಿ ಆರಂಭಿಸಿದ ‘ಆನ್‌ಸ್ಟಾರ್’ ಸೇವೆಯು ಈ ಬಗೆಯ ಮೊದಲ ವ್ಯವಸ್ಥೆಗಳಲ್ಲಿ ಒಂದು. ಭಾರತದಲ್ಲಿ 2019ರಲ್ಲಿ ಮಾರುಕಟ್ಟೆಗೆ ಬಂದ ಹ್ಯುಂಡೈ ವೆನ್ಯೂ ಮತ್ತು ಎಂಜಿ ಹೆಕ್ಟರ್ ಕಾರುಗಳು ಈ ಸೌಲಭ್ಯವನ್ನು ಜನಸಾಮಾನ್ಯರಿಗೆ ಪರಿಚಯಿಸಿದವು.

ಉಪಯೋಗಗಳು

ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಂಡಾಗ, ಪ್ರಯಾಣಿಕರು ಪ್ರಜ್ಞಾಹೀನರಾಗಿದ್ದರೂ, ಇಂತಹ ಹಲವು ಕಾರುಗಳು ತಾವಿರುವ ಸ್ಥಳವನ್ನು ತಾವಾಗಿಯೇ ತಿಳಿಸಬಲ್ಲವು. ಐರೋಪ್ಯ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ‘ಇ-ಕಾಲ್’ ಎಂಬ ಈ ವ್ಯವಸ್ಥೆ ಕಡ್ಡಾಯವಾಗಿದೆ. ಭಾರತದಲ್ಲಿ 2019ರ ಜನವರಿ 1ರಿಂದ ಬಸ್ಸು, ಟ್ಯಾಕ್ಸಿಯಂತಹ ಹೊಸ ಸಾರ್ವಜನಿಕ ಸೇವಾ ವಾಹನಗಳು ಸ್ಥಳಪತ್ತೆ ಸಾಧನವನ್ನೂ ತುರ್ತು ಗುಂಡಿಯನ್ನೂ ಹೊಂದಿರಬೇಕೆಂಬ ನಿಯಮವಿದೆ. ಗಾಯಗೊಂಡ ನಂತರದ ಮೊದಲ ಒಂದು ಗಂಟೆಯ ಚಿಕಿತ್ಸೆ ಪ್ರಾಣ ಉಳಿಸುವ ಸಂಭವ ಹೆಚ್ಚಾದುದರಿಂದ ಸ್ಥಳದ ಮಾಹಿತಿ ಬೇಗ ತಲುಪುವುದು ಮಹತ್ವದ್ದು.

ಗಮನಭಂಗ

ಗಮನಭಂಗವು ಮೂರು ಬಗೆಯದು: ಕಣ್ಣು ರಸ್ತೆಯಿಂದ ಸರಿಯುವುದು, ಕೈ ಸ್ಟೀರಿಂಗ್‌ನಿಂದ ಸರಿಯುವುದು, ಮನಸ್ಸು ಚಾಲನೆಯಿಂದ ಸರಿಯುವುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಕಾರು ಎರಡು ಸೆಕೆಂಡುಗಳಲ್ಲಿ ಸುಮಾರು 44 ಮೀಟರ್ ಕ್ರಮಿಸುತ್ತದೆ. ಪರದೆಯತ್ತ ಒಮ್ಮೆ ನೋಡುವಷ್ಟರಲ್ಲಿ ಚಾಲಕರು ಇಷ್ಟು ದೂರವನ್ನು ನೋಡದೆಯೇ ದಾಟಿರುತ್ತಾರೆ. ಧ್ವನಿಯ ಮೂಲಕ ಆದೇಶ ನೀಡುವುದೂ ಪೂರ್ಣ ಸುರಕ್ಷಿತವಲ್ಲ. ಅಮೆರಿಕದ ಎಎಎ ಪ್ರತಿಷ್ಠಾನವು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂತಹ ಕೆಲಸ ಮುಗಿದ ಮೇಲೂ 27 ಸೆಕೆಂಡುಗಳವರೆಗೆ ಮನಸ್ಸು ಚದುರಿರಬಹುದು.

ಭಾರತದಲ್ಲಿ 2021ರಲ್ಲಿ ಚಾಲನೆಯ ವೇಳೆ ಮೊಬೈಲ್ ಬಳಕೆಯಿಂದ 1,997 ಅಪಘಾತಗಳು ಸಂಭವಿಸಿ 1,040 ಮಂದಿ ಮೃತಪಟ್ಟರೆಂದು ಸರ್ಕಾರ ಲೋಕಸಭೆಗೆ ತಿಳಿಸಿದೆ.

ಕೋರ ಮತ್ತು ಹೆದ್ದಾರಿ

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೋರ, ತುಮಕೂರು–ಶಿರಾ ನಡುವಿನ ರಾಷ್ಟ್ರೀಯ ಹೆದ್ದಾರಿ 48ರ ಮಾರ್ಗದಲ್ಲಿದೆ. ದೂರದೂರುಗಳಿಗೆ ಸಾಗುವ ವೇಗದ ವಾಹನಗಳ ಜೊತೆಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಲಾರಿಗಳು, ಊರಿನ ದ್ವಿಚಕ್ರ ವಾಹನಗಳು ಮತ್ತು ಟ್ರ್ಯಾಕ್ಟರ್‌ಗಳು ಈ ರಸ್ತೆಯನ್ನು ಬಳಸುತ್ತವೆ. ಇಂತಹ ಕಡೆ ಅಪರಿಚಿತ ಚಾಲಕರಿಗೆ ಮಾರ್ಗದರ್ಶನವೂ ತುರ್ತು ಕರೆಯೂ ನಿಜವಾದ ನೆರವು. ಆದರೆ ಕಾರಿನೊಳಗಿನ ಪರದೆ ನೋಡುತ್ತ ಸಾಗಿದರೆ ಅದರ ಬೆಲೆಯನ್ನು ತೆರಬೇಕಾದವರು ಹೆಚ್ಚಾಗಿ ಕಾರಿನ ಹೊರಗಿರುವ ಪಾದಚಾರಿಗಳು ಮತ್ತು ದ್ವಿಚಕ್ರ ಸವಾರರು.

ಕಾನೂನು

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು, ಚಾಲನೆಯ ವೇಳೆ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಉಪಯೋಗಿಸುವುದನ್ನು ಅಪಾಯಕಾರಿ ಚಾಲನೆಯೊಳಗೆ ಸೇರಿಸಿದೆ. ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು, ಏಕಾಗ್ರತೆಗೆ ಭಂಗವಾಗದಂತೆ ದಾರಿ ತಿಳಿಯಲು ಮಾತ್ರ ಇಂತಹ ಸಾಧನದ ಬಳಕೆಗೆ ಅವಕಾಶ ನೀಡಿದೆ.

ಮಾಹಿತಿ ಭದ್ರತೆ

2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಸಂಶೋಧಕರು ಚಲಿಸುತ್ತಿದ್ದ ಜೀಪ್ ಚೆರೋಕಿಯನ್ನು ಅಂತರಜಾಲದ ಮೂಲಕ ದೂರದಿಂದಲೇ ನಿಯಂತ್ರಿಸಿ ತೋರಿಸಿದರು. ಬಳಿಕ ತಯಾರಕರು ಸುಮಾರು 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆದರು. ಕಾರು ಸಂಗ್ರಹಿಸುವ ಸಂಚಾರದ ವಿವರಗಳಿಂದ ಮಾಲೀಕರ ದಿನಚರಿಯೂ ತಿಳಿಯಬಹುದಾದುದರಿಂದ ಗೋಪ್ಯತೆಯ ಪ್ರಶ್ನೆಯೂ ಇದೆ.

ಸುರಕ್ಷಿತ ಬಳಕೆ

* ಹೊರಡುವ ಮುನ್ನವೇ ದಾರಿಯನ್ನು ಗುರುತಿಸಿಕೊಳ್ಳುವುದು.
* ಸಂದೇಶಗಳ ಸೂಚನೆಯನ್ನು ನಿಲ್ಲಿಸಿಡುವುದು.
* ಬದಲಾವಣೆ ಬೇಕಾದರೆ ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸುವುದು ಅಥವಾ ಪಕ್ಕದಲ್ಲಿರುವವರಿಗೆ ವಹಿಸುವುದು.
* ತುರ್ತು ಸಂಖ್ಯೆ 112, ಆಂಬುಲೆನ್ಸ್ 108 ಮತ್ತು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಇವುಗಳನ್ನು ನೆನಪಿನಲ್ಲಿಡುವುದು.